ಹೊಲಿಗೆಯ ದಾರಿ ಹಿಡಿದ ಬೆಂಕಿ

ಜಯದೇವಿ ಅಕ್ಕಾರು ನನ್ನ ಅಂಗಡಿಯ ಪರದೆಗೆ ಬೆಂಕಿ ಹಚ್ಚಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಒಂಬತ್ತು ವರ್ಷದ ಹಿಂದಿನ ಮಾತು. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಚೆನ್ನೈಯ ಪುರಸವಾಕ್ಕಂನ ನನ್ನ ಪರದೆ ಅಂಗಡಿಯಲ್ಲಿ ಅಂದು ಅಣ್ಣಾ ನಗರದ ಗಿರಾಕಿಯೊಬ್ಬರು ಹೊಸ ಮನೆಯ ಹದಿನಾಲ್ಕು ಕಿಟಕಿಗೆ ಬಟ್ಟೆ ಆರಿಸುತ್ತ ಕೂತಿದ್ದರು. ಮುಂಬೈಯಿಂದ ತರಿಸಿದ ಹೊಸ ಮಾಲು, ಮೇಲೆ ‘ಫೈರ್ ಪ್ರೂಫ್’ ಎಂದು ಚಿನ್ನದ ಬಣ್ಣದ ಚೀಟಿ. ಅದನ್ನು ನಾನು ಗಾಳಿಗೆ ಬೀಸಿ ಬೀಸಿ ತೋರಿಸುತ್ತಿದ್ದೆ. ಅಷ್ಟರಲ್ಲಿ ಬೀದಿಯಿಂದ ನೆಟ್ಟಗೆ ಒಳಬಂದ ಕುಳ್ಳನೆಯ ಹೆಂಗಸೊಬ್ಬರು, ಯಾರನ್ನೂ ಏನನ್ನೂ ಕೇಳದೆ, ಕೈಚೀಲದಿಂದ ಕತ್ತರಿ ತೆಗೆದು, ತೂಗುಬಿಟ್ಟ ಪರದೆಯ ಅಂಚಿನಿಂದ ನಾಲ್ಕು ಬೆರಳಗಲದ ತುಂಡನ್ನು ಕಚಕ್ಕನೆ ಕತ್ತರಿಸಿ, ಚಿಮಟದಲ್ಲಿ ಹಿಡಿದು, ಲೈಟರ್ ಹಚ್ಚಿಯೇಬಿಟ್ಟರು. ಬಟ್ಟೆ ಕರಗಿತು. ಕರಗಿ, ಉರಿಯುವ ಹನಿಯಾಗಿ, ಒಂದಾದಮೇಲೊಂದು ನನ್ನ ಬಿಳಿಯ ಟೈಲ್ಸಿನ ಮೇಲೆ ತೊಟ್ಟಿಕ್ಕಿ ಕಪ್ಪು ಬೊಟ್ಟು ಇಟ್ಟಿತು.

ಗಿರಾಕಿ ಎದ್ದುಹೋದರು. ನಾನು ತಮಿಳಿನಲ್ಲೇ ಬೈಯಲು ಶುರುಮಾಡಿದೆ. ಆದರೆ ನನಗೆ ನಿಜವಾದ ಸಿಟ್ಟು ಬಂದರೆ ತಮಿಳು ಸಾಲುವುದಿಲ್ಲ, ನವಲಗುಂದದ ಕನ್ನಡ ತಾನಾಗಿ ಹೊರಗೆ ಬೀಳುತ್ತದೆ. ಅದು ಬಿದ್ದದ್ದೇ ತಡ, ಆಕೆಯ ಮುಖ ಅರಳಿತು.

“ಅಯ್ಯ, ನಮ್ಮ ಕಡೆಯವರು! ಯಾವೂರ್ರೀ ನಿಮ್ದು? ನಂದು ಗದಗ.”

“ನನ್ನ ಊರು ತಗೊಂಡು ಏನ್ಮಾಡ್ತೀರಿ? ನನ್ನ ಪರದೆ!”

“ಪರದೆ ಇಲ್ಲೇ ಸುಟ್ಟಿದ್ದು ಛಲೋ ಆತು. ಅವರ ಮನ್ಯಾಗ ಸುಟ್ಟಿದ್ರ?” ಎಂದು, ನನ್ನ ಹೆಸರು ಕೇಳಿ, ನಾನು ‘ಏಕಾಂತಪ್ಪ’ ಎಂದು ಕೂಗಿದ್ದಕ್ಕೆ, “ಏಕಾಂತ ಅಂತ ಹೆಸರಿಟ್ಟವರು ನಿಮ್ಮ ದನಿ ಕೇಳಿರಲಿಲ್ಲ ಕಾಣಸ್ತೈತಿ” ಎಂದು ನಕ್ಕು, ಕತ್ತರಿಸಿದ ತುಂಡಿನ ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟೇಹೋದರು. ‘ತಪ್ಪಾಯಿತು’ ಎಂಬ ಒಂದು ಮಾತು ಆವತ್ತೂ ಬರಲಿಲ್ಲ, ಆಮೇಲೂ ಬಂದಿಲ್ಲ.

ಆಕೆ ಬಟ್ಟೆಗೆ ಬೆಂಕಿ ತಗಲದಂತೆ ಮಾಡುವ ಸಂಶೋಧನೆಯ ವಿಜ್ಞಾನಿ ಎಂದು ತಿಳಿದದ್ದು ಮರುದಿನ, ತಮ್ಮ ಪ್ರಯೋಗಶಾಲೆಗೆ ಬನ್ನಿರೆಂದು ಹೇಳಿಕಳಿಸಿದಾಗ. ಜಗಳ ಮುಂದುವರಿಸೋಣವೆಂದೇ ಹೋದೆ. ಅಲ್ಲಿಂದ ಇಲ್ಲಿಯವರೆಗೆ ಅವರ ಹೊಲಿಗೆಯ ಕೆಲಸವೆಲ್ಲ ನನ್ನದೇ. ನಮ್ಮೂರ ಶಾಲೆಯಲ್ಲಿ ಪಾಠ ಹೇಳುವ ಹೆಣ್ಣುಮಕ್ಕಳನ್ನು ಅಕ್ಕಾರು ಎನ್ನುತ್ತಿದ್ದೆವು. ಏಳನೆಯ ಇಯತ್ತೆಗೆ ಬಿಟ್ಟ ಆ ಶಾಲೆಯ ಮಾತು ನಲವತ್ತು ದಾಟಿದ ಮೇಲೆ ಈಕೆಯನ್ನು ಕಂಡಾಗ ಬಾಯಿಗೆ ಬಂತು, ನಿಂತುಬಿಟ್ಟಿತು.

ಅವರ ನಡಿಗೆಯನ್ನು ಒಮ್ಮೆ ನೋಡಬೇಕು. ಮೈಯೆಲ್ಲ ಮುಂದಕ್ಕೆ ಬಾಗಿ, ಮೂಗು ಮೈಗಿಂತ ಅರ್ಧ ಹೆಜ್ಜೆ ಮುಂದಾಗಿ, ಎಲ್ಲೋ ಏನೋ ಹತ್ತಿಕೊಂಡ ವಾಸನೆ ಬಂದವರ ಹಾಗೆ ಸರಸರನೆ ಹೋಗುವ ಗತಿ. ಸೀರೆಯ ಮೇಲೆ ತೊಡುವ ಬಿಳಿಯ ಕೋಟು ಒಂದು ಕಾಲಕ್ಕೆ ಬಿಳಿಯದಾಗಿತ್ತಂತೆ. ನಾನು ಕಂಡಂತೆ ಅದರ ಬಣ್ಣ ಅಕ್ಕಿ ತೊಳೆದ ನೀರಿನದು, ಎದೆಯಿಂದ ಮೊಣಕಾಲವರೆಗೆ ಕಿಡಿ ಕಚ್ಚಿದ ತೂತುಗಳು ಜರಡಿಯ ಹಾಗೆ. ಹೊಸದು ಹೊಲಿದುಕೊಡುತ್ತೇನೆ ಎಂದರೆ, “ಬ್ಯಾಡ್ರೀ, ಈ ತೂತೆಲ್ಲ ನನಗ ಗುರುತದಾವ, ಹೊಸದ್ರಾಗ ನನಗ ಏನೂ ನೆನಪಿರೂದಿಲ್ಲ” ಎನ್ನುತ್ತಿದ್ದರು. ಆ ಕೋಟಿನ ಎರಡು ಜೇಬಿನಲ್ಲಿ ಜಗತ್ತಿನ ಬಟ್ಟೆಯೆಲ್ಲ ಚೂರುಚೂರಾಗಿ ಸೇರಿತ್ತು: ರೈಲಿನ ಸೀಟಿನ ಹೊದಿಕೆ, ಮದುವೆ ಮಂಟಪದ ಜಾಲರಿ, ಶಾಲೆಯ ನಾಟಕದ ಪರದೆ, ಒಮ್ಮೆಯಂತೂ ನನ್ನ ಹೆಂಡತಿ ಸುಗುಣಾಳ ಹೊಸ ಸೀರೆಯ ಕುಚ್ಚು. ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವಳ ಸೆರಗಿನ ಎಳೆ ಕಿತ್ತು ಸುಟ್ಟು ಮೂಸಿ, “ರೇಷ್ಮೆ ಅಂತ ಕೊಟ್ಟಾರ, ಅರ್ಧ ಪಾಲಿಯೆಸ್ಟರ್ ಐತಿ” ಎಂದು ಹೇಳುವವರ ಪಕ್ಕ ಯಾರು ಕೂರುತ್ತಾರೆ? ಸುಗುಣಾ ಆಮೇಲೆ ಕೂರಲಿಲ್ಲ.

‘ಸುಟ್ಟು ನೋಡೋಣಂತ’ ಎಂಬುದು ಅವರ ಬಾಯಿಯ ಮಾತು. ಬಟ್ಟೆಗೂ ಅದೇ, ಬದುಕಿಗೂ ಅದೇ. ಯಾರಾದರೂ ತಮ್ಮ ಮಗನ ಗುಣಗಾನ ಮಾಡಿದರೂ ‘ಸುಟ್ಟು ನೋಡೋಣಂತ’, ಚುನಾವಣೆಗೆ ನಿಂತವರ ಭರವಸೆ ಕೇಳಿದರೂ ‘ಸುಟ್ಟು ನೋಡೋಣಂತ’. ಇನ್ನೊಂದು ಹಟವೆಂದರೆ ಎಣಿಕೆಯದು. ಒಂದಡಿ ಉದ್ದ, ನಾಲ್ಕು ಬೆರಳಗಲದ ಬಟ್ಟೆಯ ಪಟ್ಟಿಯನ್ನು ನೆಟ್ಟಗೆ ತೂಗುಹಾಕಿ, ಕೆಳತುದಿಗೆ ಹನ್ನೆರಡು ಸೆಕೆಂಡು ಉರಿ ಹಿಡಿದು ತೆಗೆಯಬೇಕು. ಆಮೇಲೆ ಉರಿ ತಾನಾಗಿ ಆರಿತೋ, ಬಟ್ಟೆ ಎಷ್ಟು ಕರಿಯಾಯಿತೋ ಅಳೆಯಬೇಕು. ಇದು ಅವರ ಪರೀಕ್ಷೆ. ಗೋಡೆಯ ಮೇಲೆ ಸೆಕೆಂಡಿನ ಗಡಿಯಾರ ಉಂಟು. ಆದರೂ ಅಕ್ಕಾರು ಗಟ್ಟಿಯಾಗಿ, ಕನ್ನಡದಲ್ಲಿ, ಒಂದು, ಎರಡು, ಮೂರು ಎಂದು ಎಣಿಸಿಯೇ ತೀರಬೇಕು. ಇಪ್ಪತ್ತೆಂಟು ವರ್ಷ ಕೇಳಿ ಕೇಳಿ ಆ ಪ್ರಯೋಗಶಾಲೆಯ ತಮಿಳರಿಗೆಲ್ಲ ಹನ್ನೆರಡರವರೆಗೆ ಕನ್ನಡ ಬರುತ್ತದೆ. ಹದಿಮೂರು ಒಬ್ಬರಿಗೂ ಬಾರದು.

ಇನ್ನು ಸಿಗಡಿಯ ಪ್ರಸಂಗ. ಅಕ್ಕಾರು ಕೊರಳಲ್ಲಿ ಲಿಂಗ ಕಟ್ಟಿದವರು, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವರು. ಅಂಥವರು ವಾರಕ್ಕೊಮ್ಮೆ ಬೆಳಗ್ಗೆ ಸ್ಟೀಲಿನ ಬಕೆಟ್ಟು ಹಿಡಿದು ಕಾಸಿಮೇಡಿನ ಮೀನು ಬಂದರಿಗೆ ಹೋಗುತ್ತಿದ್ದರು. ಒಮ್ಮೆ ನಾನೂ ಮೂಗಿಗೆ ಟವಲು ಕಟ್ಟಿ ಜೊತೆಗೆ ಹೋದೆ. ಸಿಗಡಿ ಸುಲಿಯುತ್ತ ಕೂತಿದ್ದ ಹೆಂಗಸು ನಗುತ್ತ, “ಎನ್ನ ಅಮ್ಮಾ, ಇನ್ನಿಕ್ಕುಂ ಎರಾ ವೇಂಡಾಮಾ, ತೋಲು ಮಟ್ಟುಂದಾನಾ?” ಎಂದು ಕೇಳಿದಳು. ಇವತ್ತೂ ಸಿಗಡಿ ಬೇಡ, ಬರೀ ಸಿಪ್ಪೆಯೇನಾ ಎಂದು. ಅಕ್ಕಾರು “ತೋಲುದಾನ್ ಎನಕ್ಕು ತಂಗಂ” ಎಂದರು, ಸಿಪ್ಪೆಯೇ ನನಗೆ ಬಂಗಾರ. ಹೊರಗೆ ಬಂದರೆ ಆಟೋದವನು ಆ ಬಕೆಟ್ಟನ್ನು ಒಳಗೆ ಬಿಡಲೊಲ್ಲ. ನಾನು ಅವನ ಮೇಲೆ ಎಗರಿದೆ. ಅಕ್ಕಾರು ಮಾತ್ರ ಅವನ ಸೀಟಿನ ಹೊದಿಕೆಯ ಅಂಚನ್ನು ತಿರುವಿ ನೋಡಿ, “ತಮ್ಮಾ, ಇದು ಬೆಂಕಿ ಹತ್ತಿದ್ರ ಅರ್ಧ ನಿಮಿಷಕ್ಕ ನಿನ್ನ ಬೆನ್ನಿಗೆ ಬರ್ತೈತಿ” ಎಂದು ತಮಿಳಿನಲ್ಲಿ ತಿಳಿಹೇಳಿದ ಮೇಲೆ ಅವನು ದಾರಿಯುದ್ದಕ್ಕೂ ಬೆನ್ನು ಒರಗಿಸದೆ ನೆಟ್ಟಗೆ ಕೂತು ಓಡಿಸಿದ.

ಆ ಸಿಪ್ಪೆಯನ್ನು ತೊಳೆದು, ಬೇಯಿಸಿ, ಏನೇನೋ ಮಾಡಿ, ಕೊನೆಗೆ ಗಂಜಿಯಂಥ ತಿಳಿದ್ರವ ತೆಗೆಯುತ್ತಿದ್ದರು. ಇನ್ನೊಂದು ತೊಟ್ಟಿಯಲ್ಲಿ ಅಕ್ಕಿಯ ತೌಡಿನಿಂದ ತೆಗೆದ ಹುಳಿ. ಬಟ್ಟೆಯನ್ನು ಇದರಲ್ಲೊಮ್ಮೆ ಅದರಲ್ಲೊಮ್ಮೆ, ಹೀಗೆ ಎಂಟೆಂಟು ಸಲ ಅದ್ದಬೇಕು. “ಒಂದಕ್ಕೊಂದು ಆಗಿಬರೂ ಜೋಡಿ ಇದು, ಬಿಗಿಯಾಗಿ ಅಪ್ಪಿಕೋತಾವ” ಎಂದು ಅವರು ವಿವರಿಸುವಾಗ ಕಣ್ಣು ಹೊಳೆಯುತ್ತಿತ್ತು. ಉರಿ ತಗಲಿದೊಡನೆ ಆ ಲೇಪ ಹಪ್ಪಳದಂತೆ ಉಬ್ಬಿ ಕಪ್ಪನೆಯ ಕಂಬಳಿಯಾಗಿ ಬಟ್ಟೆಯನ್ನು ಮುಚ್ಚಿಬಿಡುತ್ತದೆ. ಮೇಲೆ ಬೆಂಕಿಗೆ ಉಸಿರು ಸಿಗುವುದಿಲ್ಲ, ಕೆಳಗೆ ಬಟ್ಟೆಗೆ ಸುದ್ದಿ ಮುಟ್ಟುವುದಿಲ್ಲ. ಅಷ್ಟೇ ಆಗಿದ್ದರೆ ಸಾಕಿತ್ತು ನನಗೆ. ಅಕ್ಕಾರಿಗೆ ಸಾಲದು. ಹೊಗೆ ಕಡಿಮೆಯಾಗಬೇಕು, ಏಕೆಂದರೆ ಮಲಗಿದವರನ್ನು ಮೊದಲು ಕೊಲ್ಲುವುದು ಹೊಗೆ. ಚೆನ್ನೈಯ ಕಡಲ ತೇವಕ್ಕೆ ಬೂಷ್ಟು ಹಿಡಿಯಬಾರದು. ಔಷಧಿ ಚೆಲ್ಲಿದರೆ ಕಲೆ ಕೂರದೆ ಜಾರಬೇಕು. ಇಪ್ಪತ್ತು ಸಲ ಒಗೆದರೂ ಈ ಗುಣಗಳೊಂದೂ ಹೋಗಬಾರದು. “ಒಂದ ಬಟ್ಟಿ, ನಾಕು ಕೆಲಸ. ಮನ್ಯಾಗ ನಾವು ಹೆಣ್ಮಕ್ಕಳು ಮಾಡೂದಿಲ್ಲೇನ್ರೀ?” ಎನ್ನುತ್ತಿದ್ದರು.

ಅವರಿಗೆ ನಿವೃತ್ತಿಗೆ ಹತ್ತು ತಿಂಗಳಿದ್ದಾಗ ಕೀಲ್ಪಾಕ್ ಕಡೆಯ ಒಂದು ಆಸ್ಪತ್ರೆಯವರು ಒಪ್ಪಿದರು: ಒಂದು ವಾರ್ಡಿನ ನಲವತ್ತೆರಡು ಹಾಸಿಗೆಗಳ ನಡುವಣ ಪರದೆಗಳೆಲ್ಲ ಅಕ್ಕಾರ ಬಟ್ಟೆಯವು. ಆದರೆ ಒಂದು ಷರತ್ತು. ಐವರ ಸಮಿತಿ ಬಂದು, ಹೊಲಿದು ಮುಗಿಸಿದ ಪರದೆಗಳಿಂದ ತಮಗಿಷ್ಟ ಬಂದದ್ದೊಂದನ್ನು ಆರಿಸಿ, ಕಣ್ಣೆದುರಿಗೇ ಸುಟ್ಟು ನೋಡುತ್ತದೆ. ಗೆದ್ದರೆ ಪರದೆಗಳು ವಾರ್ಡಿಗೆ, ಕೆಲಸ ಮುಂದಿನವರ ಕೈಗೆ. ಸೋತರೆ ಇಪ್ಪತ್ತೆಂಟು ವರ್ಷದ ದುಡಿಮೆ ಕಪಾಟಿಗೆ. ಅಕ್ಕಾರು ಆ ದಿನಗಳಲ್ಲಿ ನಡೆಯುತ್ತಿರಲಿಲ್ಲ, ಓಡುತ್ತಿದ್ದರು. ಅವರನ್ನು ನೋಡಿ ನನಗೂ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಬಟ್ಟೆಯ ಥಾನುಗಳ ಜೊತೆಗೆ ದಾರದ ದೊಡ್ಡ ಉಂಡೆಯೊಂದನ್ನೂ ಕೊಟ್ಟರು. “ಇದಕ್ಕೂ ಲೇಪ ಮಾಡೇನಿ. ಇದರಾಗ ಹೊಲೀರಿ, ಬ್ಯಾರೆ ದಾರ ಬ್ಯಾಡ.” ಸರಿ ಎಂದೆ. ಆ ದಾರವೋ, ಒಣಗಿದ ಶಾವಿಗೆ. ಮಿಷನ್ನಿಗೆ ಹಾಕಿದರೆ ಮೊಳಕ್ಕೊಮ್ಮೆ ಪಟ್ಟನೆ ಹರಿಯುವುದು. ಎರಡು ದಿನ ಹಲ್ಲು ಕಚ್ಚಿ ಹೊಲಿದೆ. ಹನ್ನೊಂದು ಸೂಜಿ ಮುರಿಯಿತು. ಮೂರನೆಯ ದಿನ ನನ್ನ ತಲೆ ಕೆಟ್ಟಿತು. ಆ ಉಂಡೆಯನ್ನು ಎತ್ತಿ ಕಪಾಟಿನ ಮೂಲೆಗೆ ಒಗೆದು, ದಾರ ಅಂದರೆ ದಾರ, ಕೂದಲೆಳೆಯಷ್ಟಿರುವುದು ಎಷ್ಟು ಉರಿದೀತು ಎಂದು, ದಿನಾ ಹೊಲಿಯುವ ನನ್ನ ಪಾಲಿಯೆಸ್ಟರ್ ದಾರವನ್ನೇ ಏರಿಸಿ ನಲವತ್ತೆರಡನ್ನೂ ಐದು ದಿನದಲ್ಲಿ ಮುಗಿಸಿಬಿಟ್ಟೆ. ಎಳೆ ಸುಟ್ಟು ಬಟ್ಟೆಯ ಜಾತಿ ಹೇಳುವುದು ಮೂವತ್ತು ವರ್ಷದಿಂದ ನನ್ನ ಕಸುಬಿನ ಪಾಠವೂ ಹೌದು. ಆದರೂ ಅಂದು ನನ್ನ ಕೈಯ ದಾರವನ್ನು ನಾನು ಸುಟ್ಟು ನೋಡಲಿಲ್ಲ.

ಪರೀಕ್ಷೆಯ ಬೆಳಗ್ಗೆ ಅಕ್ಕಾರು ಹಸಿರು ಸೀರೆ ಉಟ್ಟು, ಅದರ ಮೇಲೆ ಅದೇ ಜರಡಿ ಕೋಟು ತೊಟ್ಟು ಬಂದರು. ಐವರು ಪ್ರಯೋಗಶಾಲೆಯ ಮೇಜಿನ ಸುತ್ತ ಕೂತರು. ಅಗ್ನಿಶಾಮಕದ ಹಿರಿಯ ಅಧಿಕಾರಿಯೊಬ್ಬರು ಮಧ್ಯದಲ್ಲಿ. ಮೊದಲು ಬರಿಯ ಬಟ್ಟೆಯ ಪಟ್ಟಿ. ಉರಿ ಹಿಡಿದರು, ಅಕ್ಕಾರು ಎಣಿಸಿದರು, ಉರಿ ತೆಗೆದ ಕ್ಷಣಕ್ಕೆ ಬಟ್ಟೆಯ ಮೇಲಿನ ಜ್ವಾಲೆ ಬಾಯಿ ಮುಚ್ಚಿದಂತೆ ಆರಿತು. ಐವರೂ ಮುಂದಕ್ಕೆ ಬಾಗಿದರು. ನನ್ನ ಎದೆ ಉಬ್ಬಿತು. ಆಮೇಲೆ ಅಧಿಕಾರಿ ನನ್ನ ರಾಶಿಯಿಂದ ಒಂದು ಪರದೆ ಎಳೆದು, ಮಡಿಚಿ ಹೊಲಿದ ಅಂಚು ನಡುವೆ ಬರುವಂತೆ ಪಟ್ಟಿ ಕತ್ತರಿಸಿಕೊಟ್ಟರು.

ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ಬೆಂಕಿ ಹೊಲಿಗೆಯ ದಾರಿ ಹಿಡಿಯಿತು. ಪಟಾಕಿಯ ಬತ್ತಿಯಂತೆ, ಸೂಜಿ ಹೋದ ದಾರಿಯಲ್ಲೇ, ಹೊಲಿಗೆಯಿಂದ ಹೊಲಿಗೆಗೆ ಸರಸರ ಮೇಲಕ್ಕೆ ಏರಿತು. ಎರಡು ಬದಿಯ ಬಟ್ಟೆ ಬೆಂಕಿಯನ್ನು ಒಲ್ಲೆ ಒಲ್ಲೆ ಎನ್ನುತ್ತಿದೆ, ನಡುವೆ ನನ್ನ ದಾರ ಅದನ್ನು ಕೈಹಿಡಿದು ಕರೆದೊಯ್ಯುತ್ತಿದೆ. ತುದಿ ಮುಟ್ಟಿ, ಪಟ್ಟಿ ಎರಡು ಹೋಳಾಗಿ ಬಿತ್ತು. ಅಕ್ಕಾರು ಎಣಿಸುವುದನ್ನು ನಿಲ್ಲಿಸಿದರು.

ಬಿದ್ದ ಹೋಳನ್ನೆತ್ತಿ ಒಂದು ಎಳೆ ಕಿತ್ತರು. ತುದಿಯಲ್ಲಿ ಕರಗಿದ ಕಪ್ಪು ಮಣಿ. ಮೂಸಿದರು. ತಾವು ಕೊಟ್ಟ ದಾರ ಅದಲ್ಲವೆಂದು ಅವರ ಮೂಗಿಗೆ ತಿಳಿಯದೆ ಇರಲು ಸಾಧ್ಯವೇ ಇಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟರಲ್ಲಿ ಸಮಿತಿಯಲ್ಲೊಬ್ಬರು, “ಯಾರು ಆ ಟೈಲರ್? ಅವನಿಗೆ ದಾರದ ವಿಷಯ ಹೇಳಿದ್ದಿರೋ ಇಲ್ಲವೋ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಷ್ಟು ಇಂಗ್ಲಿಷು ನನಗೆ ಬರುತ್ತದೆ. ಬಾಯಿ ತೆರೆದೆ. ಒಂಬತ್ತು ಓಣಿಗೆ ಕೇಳುವ ಈ ಗಂಟಲಿನಿಂದ ಗಾಳಿಯೂ ಹೊರಡಲಿಲ್ಲ.

“ಮಿಸ್ಟೇಕ್ ಈಸ್ ಮೈನ್” ಎಂದರು ಅಕ್ಕಾರು. “ಟೈಲರಿಗೆ ನಾನು ದಾರ ಕೊಟ್ಟಿರಲಿಲ್ಲ.”

ಅರ್ಧ ಮಿಲಿಮೀಟರು ಹೆಚ್ಚು ಬರೆಯಲು ಒಪ್ಪದ ಹೆಂಗಸು ಆಡಿದ ಮಾತು ಇದು. ಸಮಿತಿ ಅವರಿಗೆ ಎರಡು ತಿಂಗಳ ಗಡುವು ಕೊಟ್ಟು ಎದ್ದಿತು.

ಮರುದಿನ ಅಂಗಡಿಯ ಬಾಗಿಲು ಎತ್ತುವಷ್ಟರಲ್ಲಿ ಅವರು ಮೆಟ್ಟಿಲ ಮೇಲೆ ಕೂತಿದ್ದರು. ಬೈಯಲು ಬಂದರೆಂದು ನಾನು ಮೈ ಗಟ್ಟಿ ಮಾಡಿಕೊಂಡರೆ, ಮುಖ ತುಂಬ ನಗು!

“ಏಕಾಂತಪ್ಪನವರ, ಏನು ಛಲೋ ಉರೀತ್ರೀ ಅದು! ನೋಡಿದ್ರಿಲ್ಲೋ? ಇಪ್ಪತ್ತೆಂಟು ವರ್ಷ ಬಟ್ಟಿ ಸುಟ್ಟೆ, ಹೊಲಿಗಿ ಸುಡಲಿಲ್ಲ ನಾ! ಎಂಥಾ ಹುಚ್ಚಿ! ಹೊಲಿಲಾರದ ಬಟ್ಟಿ ಯಾರು ತೂಗಹಾಕ್ತಾರ? ಮಿಷನ್ ತೋರಸ್ರಿ. ನಿಮ್ಮ ದಾರ ಯಾಕ ಹರಿಯೂದಿಲ್ಲ, ನನ್ನದು ಯಾಕ ಹರಿತೈತಿ?”

ಅಕ್ಕಾರ ಉತ್ಸಾಹ ಅಂಟುಜಾಡ್ಯ. ದಾರ ಬದಲಿಸಿದ ಮಾತನ್ನು ಬದಿಗಿಟ್ಟು, ನಾನು ಮಿಷನ್ನಿನ ಹೊಟ್ಟೆ ಬಿಚ್ಚಿ ತೋರಿಸತೊಡಗಿದೆ. ದಾರ ಎಲ್ಲಿ ಬಾಗುತ್ತದೆ, ಎಲ್ಲಿ ತಿಕ್ಕುತ್ತದೆ, ಸೂಜಿಯ ಕಣ್ಣಲ್ಲಿ ಎಷ್ಟು ಬಿಗಿ. ನಾವು ದರ್ಜಿಗಳು ಒರಟು ದಾರವನ್ನು ಮೇಣದಬತ್ತಿಗೆ ಉಜ್ಜಿ ನಯ ಮಾಡುತ್ತೇವೆ, ಹಾಗೆ ಮಾಡೋಣವೇ ಎಂದೆ.

“ಮೇಣಾನ? ಬೆಂಕಿ ತಡಿಯೂ ದಾರಕ್ಕ ದೀಪದ ಮೇಣಾ ಹಚ್ಚತೀರೇನ್ರೀ?” ಎಂದು ಅವರು ನಕ್ಕ ನಗೆಗೆ ಎದುರಿನ ಪಾತ್ರೆ ಅಂಗಡಿಯವರು ಹೊರಗೆ ಬಂದು ನೋಡಿದರು. ನನಗೆ ರೇಗಿತು. ರೇಗಿ, ಯೋಚಿಸದೆ, ಕೂಗಿದೆ:

“ನಗಬ್ಯಾಡ್ರಿ ಅಕ್ಕಾರ! ದಾರಕ್ಕ ಮೊದಲು ಯಾಕ ಲೇಪ? ಮೆತ್ತಗಿನ ಬರೀ ಹತ್ತಿ ದಾರದಾಗ ಹೊಲಿದು, ಹೊಲಿದ ಪರದೆನಽ ಪೂರಾ ಅದ್ದಿಬಿಡ್ರಿ!”

ಅವರ ನಗು ನಿಂತಿತು. ಎರಡು ಕೈಯಿಂದ ನನ್ನ ಭುಜ ಹಿಡಿದು ಅಲ್ಲಾಡಿಸಿಬಿಟ್ಟರು. “ಇನ್ನೊಮ್ಮೆ ಅನ್ರಿ! ಇನ್ನೊಮ್ಮೆ ಕೂಗ್ರಿ!” ಎಂದರು. ಪ್ರಯೋಗಶಾಲೆಯ ಅಷ್ಟೂ ಜನ ಯಾವತ್ತೂ ಮೊದಲು ಬಟ್ಟೆ, ಆಮೇಲೆ ಹೊಲಿಗೆ ಎಂದೇ ಹೊರಟವರು. ಹಿಂದುಮುಂದು ಮಾಡಬಹುದೆಂದು ಹೊಳೆದಿರಲೇ ಇಲ್ಲ.

ನಲವತ್ತೆರಡು ಪರದೆಯ ಹೊಲಿಗೆಯನ್ನೂ ನಾನು, ಸುಗುಣಾ, ಮಗಳು ತೇಜಶ್ರೀ ಕೂತು ಬಿಚ್ಚಿದೆವು. ಹತ್ತಿ ದಾರದಲ್ಲಿ ಹೊಲಿದೆ. ಹೊಲಿದದ್ದನ್ನು ಅಕ್ಕಾರು ದೊಡ್ಡ ತೊಟ್ಟಿಯಲ್ಲಿ ಅದ್ದಿದರು, ಕಾಯಿಸಿದರು, ಇಪ್ಪತ್ತು ಸಲ ಒಗೆಸಿದರು. ಏಳನೆಯ ವಾರ ಅದೇ ಐವರು ಬಂದರು; ಅದೇ ಅಧಿಕಾರಿ ಹೊಲಿದ ಅಂಚನ್ನೇ ಕತ್ತರಿಸಿದರು. ಐದಾಯಿತು, ಬೆಂಕಿ ಹೊಲಿಗೆಯ ದಾರಿ ಹಿಡಿಯಲಿಲ್ಲ. ಎಂಟಾಯಿತು. ಹನ್ನೊಂದಕ್ಕೆ ಪ್ರಯೋಗಶಾಲೆಯವರೆಲ್ಲ ಅಕ್ಕಾರ ದನಿಗೆ ದನಿ ಸೇರಿಸಿದರು, ಹನ್ನೆರಡನ್ನು ಇಡೀ ಕೋಣೆ ಕೂಗಿತು. ಉರಿ ತೆಗೆದರು. ಹೊಲಿಗೆಯ ಮೇಲೆ ಕಪ್ಪು ಹಪ್ಪಳ ಸಣ್ಣಗೆ ಉಬ್ಬಿತ್ತು. ಕರಿಯಾದದ್ದು ಎರಡೇ ಬೆರಳು, ಅದರಾಚೆ ನನ್ನ ಹೊಲಿಗೆ ಬೆಳ್ಳಗೆ, ನೆಟ್ಟಗೆ, ಬಿಚ್ಚಿಕೊಳ್ಳದೆ ಕೂತಿತ್ತು. ನನ್ನ ಹೊಲಿಗೆ ಅಷ್ಟು ಚಂದ ಕಂಡದ್ದು ಜೀವಮಾನದಲ್ಲಿ ಅದೊಂದೇ ಸಲ. ಅಧಿಕಾರಿ ಎದ್ದು ನಿಂತು ಅಕ್ಕಾರಿಗೆ ಕೈಮುಗಿದರು. ಅಕ್ಕಾರು ಅಳೆಯುವ ಪಟ್ಟಿಗಾಗಿ ಜೇಬು ತಡಕುತ್ತಿದ್ದರು, ನೋಡಲಿಲ್ಲ.

ಪರದೆಗಳು ವಾರ್ಡಿಗೆ ಏರಿದವು. ಅಚ್ಚಾದ ವರದಿಯ ಒಂದು ಪ್ರತಿ ನನಗೂ ಬಂತು. ತೇಜಶ್ರೀ ಓದಿ ಹೇಳಿದಳು. ‘ಮೊದಲು ಹೊಲಿದು ಆಮೇಲೆ ಅದ್ದುವ ಕ್ರಮವನ್ನು ಸೂಚಿಸಿದವರು ಶ್ರೀ ಏಕಾಂತಪ್ಪ’ ಎಂದು ನನ್ನ ಹೆಸರು ದಪ್ಪಕ್ಷರದಲ್ಲಿ. ಅದಕ್ಕೆ ಎರಡು ಪುಟ ಮುಂಚೆ, ಮೊದಲ ಪರೀಕ್ಷೆ ಸೋತದ್ದಕ್ಕೆ ಕಾರಣ: ‘ಸೂಕ್ತ ದಾರ ಒದಗಿಸದೆ ಹೋದದ್ದು ಮುಖ್ಯ ಸಂಶೋಧಕಿಯ ಲೋಪ.’ ತೇಜಶ್ರೀ ತಲೆಯೆತ್ತಿ, ಕಪಾಟಿನ ಮೂಲೆಯ ಉಂಡೆಯನ್ನು ನೋಡಿ, “ಅಪ್ಪಾ, ಅವಂಗದಾನೇ ಅಂದ ನೂಲ್ ಕುಡುತ್ತಾಂಗ?” ಎಂದಳು. ಆ ದಾರ ಕೊಟ್ಟವರು ಅವರೇ ಅಲ್ಲವೇ ಎಂದು. ಸಿಟ್ಟು ಬಂತು ನನಗೆ, ಮಗಳ ಮೇಲೆ. ನಾಚಿಕೆಯಾದಾಗಲೂ ನನಗೆ ಬರುವುದು ಸಿಟ್ಟೇ.

ಉಂಡೆ ಹಿಡಿದುಕೊಂಡು ವೇಲಚೇರಿಯ ಅವರ ಫ್ಲ್ಯಾಟಿಗೆ ಹೋದೆ. ಆಗ ನಿವೃತ್ತಿಯಾಗಿತ್ತು. ಬಾಗಿಲಲ್ಲೇ, ಚಪ್ಪಲಿ ಬಿಡುವ ಮೊದಲೇ, ಎಲ್ಲ ಹೇಳಿದೆ. ವರದಿಯ ಆ ವಾಕ್ಯ ಸುಳ್ಳು, ತಿದ್ದಿಸಿ, ನಾನೇ ಬಂದು ಸಮಿತಿಯ ಮುಂದೆ ಹೇಳುತ್ತೇನೆ ಎಂದೆ.

“ಹೊಲಿಯಾಕ ಬರಲಾರದ್ದಕ್ಕ ದಾರ ಅಂತಾರೇನ್ರೀ?” ಎಂದು ಕೇಳಿದರು ಅಕ್ಕಾರು.

“ಅಂದ್ರ?”

“ನಾ ಕೊಟ್ಟದ್ದು ದಾರ ಅಲ್ಲ. ಅಂದಮ್ಯಾಗ ನಿಮಗ ನಾ ದಾರ ಕೊಟ್ಟಿಲ್ಲ. ಬರದದ್ದು ಖರೇನ ಐತಿ. ಒಳಗ ಬರ್ರಿ, ಚಾ ಮಾಡತೀನಿ. ಹೊಸ ಸೋಫಾ ಬಟ್ಟಿ ಒಂದು ಸಿಕ್ಕೈತಿ.”

ವಾದಿಸಿದೆ, ಕೂಗಿದೆ, ಪಕ್ಕದ ಫ್ಲ್ಯಾಟಿನವರು ಬಾಗಿಲು ತೆರೆದರು. ಅಕ್ಕಾರು ಆಗಲೇ ಸೋಫಾ ಬಟ್ಟೆಯ ಎಳೆ ಕೀಳುತ್ತಿದ್ದರು.

ಈ ಜಾತಿಯ ಜನರನ್ನು ನಾನು ಬೇರೆ ಕಂಡಿಲ್ಲ, ಆದರೆ ಊರೂರಿಗೆ ಒಬ್ಬರಾದರೂ ಇರಬೇಕು, ಇಲ್ಲದಿದ್ದರೆ ನಾವು ನೆಮ್ಮದಿಯಿಂದ ಮಲಗುವ ಮನೆಗಳು ಇಷ್ಟು ದಿನ ನಿಲ್ಲುತ್ತಿರಲಿಲ್ಲ. ಏನಾದರೂ ಕೆಟ್ಟಾಗ ನಾವೆಲ್ಲ ‘ಯಾರು ಮಾಡಿದರು’ ಎಂದು ಕೇಳುತ್ತೇವೆ. ಇವರು ‘ಹೇಗೆ ಆಯಿತು’ ಎಂದು ಕೇಳುತ್ತಾರೆ, ಉತ್ತರ ಸಿಕ್ಕಿತೆಂದರೆ ಆನಂದದಲ್ಲಿ ನಮ್ಮನ್ನು ಮರೆತೇಬಿಡುತ್ತಾರೆ. ಅವರ ಕ್ಷಮೆ ದೊಡ್ಡದೆಂದು ನಾನು ಹೇಳಲಾರೆ, ಅದು ಕ್ಷಮೆಯೇ ಅಲ್ಲ. ತಪ್ಪಿತಸ್ಥನೊಬ್ಬ ಎದುರಿಗೆ ನಿಂತಿದ್ದಾನೆಂಬುದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಅಂಥವರ ಋಣ ತೀರಿಸುವುದು ಬಲು ಕಷ್ಟ, ಕೊಟ್ಟರೆ ಇಸಿದುಕೊಳ್ಳಲು ಅವರು ಕೈಯನ್ನೇ ಚಾಚುವುದಿಲ್ಲ. ಅದಕ್ಕೇ ನಾನು ಇಲ್ಲಿ ಬರೆದಿದ್ದೇನೆ, ದಾರ ಕೊಟ್ಟಿದ್ದರು, ಬದಲಿಸಿದವನು ನಾನು ಎಂದು. ಬರೆದು ಹಗುರಾಯಿತೇ ಎಂದರೆ, ಇಲ್ಲ. ಆ ಮೇಜಿನ ಸುತ್ತ ಕೂತಿದ್ದ ಐವರಲ್ಲಿ ಒಬ್ಬರಿಗೂ ಕನ್ನಡ ಓದಲು ಬಾರದು.